ಕಚೇರಿಯ ಕಿಂಡಿ ಎಷ್ಟು ಎತ್ತರದಲ್ಲಿರಬೇಕು?

ಮಾನ್ಯ ಸಂಪಾದಕರೇ,

ತಂದೆಯವರು ತೀರಿಕೊಂಡ ಮೇಲೆ ಅಡಿಕೆ ತೋಟದ ಪೌತಿ ಖಾತೆಗಾಗಿ ಕಳೆದ ಮಳೆಗಾಲದಲ್ಲಿ ನಾನು ಸರಕಾರಿ ಕಚೇರಿಯೊಂದಕ್ಕೆ ಐದು ಸಲ ಹೋಗಬೇಕಾಯಿತು. ಕೆಲಸವೇನೋ ಆಯಿತು. ಯಾರೂ ಲಂಚ ಕೇಳಲಿಲ್ಲ, ಸಿಬ್ಬಂದಿ ಒರಟಾಗಿಯೂ ನಡೆದುಕೊಳ್ಳಲಿಲ್ಲ. ಆದ್ದರಿಂದ ನನ್ನ ತಕರಾರು ಅಲ್ಲಿನ ನೌಕರರ ಮೇಲಲ್ಲ, ಅವರನ್ನೂ ನಮ್ಮನ್ನೂ ಎದುರುಬದುರು ನಿಲ್ಲಿಸಿರುವ ಆ ಕಟ್ಟಡದ ಮೇಲೆ.

ಅರ್ಜಿ ಸ್ವೀಕರಿಸುವ ಕಿಂಡಿ ಅಲ್ಲಿ ನನ್ನ ಎದೆಮಟ್ಟಕ್ಕಿದೆ. ಒಳಗಿನವರು ಕುಳಿತಿರುತ್ತಾರೆ, ಹೊರಗಿನವರು ನಿಂತಿರುತ್ತಾರೆ; ಹೇಳಿದ್ದು ಅವರಿಗೆ ಕೇಳಿಸಬೇಕಾದರೆ ಸೊಂಟ ಬಗ್ಗಿಸಿ, ಕತ್ತು ಓರೆ ಮಾಡಿ, ಸರಳುಗಳ ಕೆಳಗಿನ ಸಂದಿಗೆ ಬಾಯಿ ತರಬೇಕು. ನನ್ನ ಮುಂದಿದ್ದ ವೃದ್ಧೆಯೊಬ್ಬರು ಒದ್ದೆ ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಪ್ಲಾಸ್ಟಿಕ್ ಕೊಟ್ಟೆಯಿಂದ ಒಂದೊಂದೇ ಕಾಗದ ಹೊರತೆಗೆಯುತ್ತಿದ್ದರು. ವಂಶವೃಕ್ಷದ ಪ್ರತಿಯ ಮೇಲೆ ಕೊಡೆಯ ನೀರು ತೊಟ್ಟಿಕ್ಕಿ ಸಹಿಯ ಶಾಯಿ ಹರಡಿತು. ವರ್ಷದ ನಾಲ್ಕು ತಿಂಗಳು ಜಡಿಮಳೆ ಬೀಳುವ ಜಿಲ್ಲೆಯಲ್ಲಿ ಕೊಡೆ ಇಡಲು ಒಂದು ಮೂಲೆ, ಕಾಗದ ಹರವಿಕೊಳ್ಳಲು ಒಂದು ಮೇಜು ಇಲ್ಲದೆ ಕಚೇರಿ ಕಟ್ಟಿದವರು ಆಷಾಢದಲ್ಲಿ ಒಮ್ಮೆಯಾದರೂ ಇತ್ತ ಬಂದಿದ್ದರೋ ಇಲ್ಲವೋ. ಕಿಂಡಿಯನ್ನು ನೆಲದಿಂದ ಸುಮಾರು 75 ಸೆಂ.ಮೀ. ಎತ್ತರಕ್ಕೆ ಇಳಿಸಿ ಹೊರಬದಿಗೆ ಎರಡು ಕುರ್ಚಿ ಹಾಕಿದರೆ ವೃದ್ಧರಿಗೂ ಗಾಲಿಕುರ್ಚಿಯಲ್ಲಿ ಬರುವವರಿಗೂ ಅನುಕೂಲವಾಗುತ್ತದೆ. ಇದಕ್ಕೆ ಬಡಗಿಯೊಬ್ಬ, ಗಾರೆ ಕೆಲಸದವನೊಬ್ಬ ಮತ್ತು ಎರಡು ರಜಾದಿನ ಸಾಕು. ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಹಳೆಯ ಕಟ್ಟಡಗಳಿಗೆ ಅದು ಕೊಟ್ಟಿದ್ದ ಐದು ವರ್ಷಗಳ ಗಡುವೂ ಮುಗಿದಿದೆ. ನಾನು ಹೋದ ಕಚೇರಿಯಲ್ಲಿ ರ‍್ಯಾಂಪ್ ಇದೆ, ಆದರೆ ಅದರ ಬುಡಕ್ಕೇ ಬೈಕುಗಳನ್ನು ನಿಲ್ಲಿಸುತ್ತಾರೆ.

ಪಹಣಿ ಗಣಕೀಕೃತವಾಗಿ ಎರಡು ದಶಕ ಕಳೆದಿವೆ. 2012ರಲ್ಲಿ ಜಾರಿಗೆ ಬಂದ ‘ಸಕಾಲ’ ಯೋಜನೆಯು ಪ್ರತಿ ಅರ್ಜಿಗೂ ಒಂದು ಸಂಖ್ಯೆ, ಒಂದು ಗಡುವು ಕೊಟ್ಟಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಅರ್ಜಿದಾರನಿಗೆ ಪರಿಹಾರವನ್ನೂ ಗೊತ್ತುಪಡಿಸಿತು. ಈಗ ಇ-ಆಫೀಸ್ ಬಂದು ಕಡತ ತೆರೆಯ ಮೇಲೆಯೇ ಮೇಜಿನಿಂದ ಮೇಜಿಗೆ ಹೋಗುತ್ತದೆ. ಕಡತ ನಡೆಯುವುದನ್ನು ಬಿಟ್ಟ ಮೇಲೂ ಅರ್ಜಿದಾರ ಮಾತ್ರ ಭೂಮಿ ಶಾಖೆಯಿಂದ ಸರ್ವೆ ಶಾಖೆಗೆ, ಅಲ್ಲಿಂದ ರೆಕಾರ್ಡ್ ರೂಮಿಗೆ, ಮತ್ತೆ ಮೊದಲಿನ ಕಿಂಡಿಗೆ ನಡೆಯುತ್ತಲೇ ಇದ್ದಾನೆ. ಶಾಖೆಗಳ ನಡುವಿನ ಗೋಡೆಗಳಲ್ಲಿ ಹಲವು ಇನ್ನು ಅನವಶ್ಯಕ. ಅವುಗಳನ್ನು ತೆಗೆದರೆ ಸಿಗುವ ಜಾಗದಲ್ಲಿ ನಾಗರಿಕರಿಗಾಗಿ ಒಂದೇ ದೊಡ್ಡ ಕೋಣೆ ಮಾಡಿ, ಟೋಕನ್ ಕರೆದಾಗ ಸಂಬಂಧಿಸಿದ ಕೇಸ್ ವರ್ಕರ್ ಅಲ್ಲಿಗೇ ಬಂದು ಕುಳಿತು ಮಾತನಾಡುವಂತೆ ಏರ್ಪಾಡು ಮಾಡಬಹುದು.

ವೇಳೆಯ ವಿಷಯ ಇನ್ನೂ ಮುಖ್ಯವಾದದ್ದು. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗಿನ ವೇಳೆ ದಿನಗೂಲಿಯವನಿಗೆ ಒಂದು ದಿನದ ಸಂಬಳ ನಷ್ಟದ ವೇಳೆ. ಜೊಯಿಡಾ, ಹಳಿಯಾಳ, ಮುಂಡಗೋಡದವರು ಘಟ್ಟ ಇಳಿದು ನಮ್ಮ ಜಿಲ್ಲಾ ಕೇಂದ್ರವಾದ ಕಾರವಾರ ತಲುಪುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ. ಆಮೇಲೆ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’ ಎಂಬ ಉತ್ತರ ಸಿಕ್ಕರೆ ಊರಿಗೆ ಹೋಗುವ ಬಸ್ಸಿನ ಚಿಂತೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿದಾಗ ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಜಿಲ್ಲಾ ಕೇಂದ್ರದ ನೇರ ದಾರಿಯೇ ತಪ್ಪಿತ್ತು. ಸ್ಥಳ ಪರಿಶೀಲನೆ ಬೇಕಿಲ್ಲದ ವಿಚಾರಣೆಗಳನ್ನಾದರೂ ತಾಲ್ಲೂಕು ಕಚೇರಿಯ ಒಂದು ಕೋಣೆಯಿಂದ ವಿಡಿಯೊ ಮೂಲಕ ನಡೆಸುವುದನ್ನು ಮಳೆಗಾಲದ ಕಾಯಂ ವ್ಯವಸ್ಥೆಯಾಗಿ ಮಾಡಬೇಕು.

ಹೀಗೆಂದರೆ ನೌಕರರ ಮೇಲೆ ಹೊರೆ ಹೇರಿದಂತಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಅದು ನ್ಯಾಯವೂ ಹೌದು. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದ್ದು ಮೂಲಸೌಕರ್ಯಗಳಿಗಾಗಿ ಮತ್ತು ಮೊಬೈಲ್ ಆ್ಯಪ್‌ಗಳ ಒತ್ತಡದ ವಿರುದ್ಧ. ದಿನವಿಡೀ ಊರೂರು ತಿರುಗುವವರಿಗೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಬೀಗವಿರುವ ಒಂದು ಕಪಾಟು, ಇಂಟರ್ನೆಟ್, ಇನ್ವರ್ಟರ್ ಇರುವ ಒಂದು ಮೇಜು ಸಿಕ್ಕರೆ ವಾರದಲ್ಲಿ ಗೊತ್ತಾದ ದಿನ ಅವರು ಅಲ್ಲಿ ಸಿಗುತ್ತಾರೆಂದು ಜನರಿಗೂ ತಿಳಿಯುತ್ತದೆ. ಕಚೇರಿಗಳಲ್ಲಿಯೂ ಎಲ್ಲರೂ ಒಂದೇ ವೇಳೆಗೆ ಬಂದು ಒಂದೇ ವೇಳೆಗೆ ಹೋಗಬೇಕಾದ ಅಗತ್ಯವಿಲ್ಲ. ಇಬ್ಬರು ಎಂಟು ಗಂಟೆಗೆ ಬಂದು ಬೇಗ ಹೋಗಲಿ, ಇನ್ನಿಬ್ಬರು ತಡವಾಗಿ ಬಂದು ಏಳರವರೆಗೆ ಇರಲಿ. ಚಿಕ್ಕ ಮಕ್ಕಳಿರುವ ನೌಕರರಿಗೂ ಇದರಿಂದ ಅನುಕೂಲವಾದೀತು.

ಕಾರವಾರದ ಭಾನುವಾರದ ಸಂತೆಗೆ ಸುತ್ತಲಿನ ಹಳ್ಳಿಗಳಿಂದ ಜನ ಹೇಗಿದ್ದರೂ ಬರುತ್ತಾರೆ. ಆ ದಿನ ಮಧ್ಯಾಹ್ನದವರೆಗೆ ಒಂದು ಕೌಂಟರ್ ತೆರೆದಿಟ್ಟು, ಸರದಿಯ ಮೇಲೆ ಬರುವ ಸಿಬ್ಬಂದಿಗೆ ವಾರದ ನಡುವೆ ಬದಲಿ ರಜೆ ಕೊಟ್ಟು, ಮೂರು ತಿಂಗಳು ಪ್ರಯೋಗ ಮಾಡಿ ನೋಡಬೇಕೆಂದು ಜಿಲ್ಲಾಡಳಿತವನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಕೌಂಟರಿನ ಹೊರಗೆ ಎರಡು ಕುರ್ಚಿ ಹಾಕುವುದನ್ನು ದಯವಿಟ್ಟು ಮರೆಯಬಾರದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ
ಶಿರಸಿ ತಾಲ್ಲೂಕು, ಉತ್ತರ ಕನ್ನಡ