ಇನ್‌ಚಾರ್ಜ್ ಆದ ಮಗಳಿಗೆ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ "ಬರೀ ಇನ್‌ಚಾರ್ಜ್ ಅಮ್ಮ, ಹೊಸ ಹೆಡ್ ಬರೋವರೆಗೆ ಮೂರು ತಿಂಗಳು" ಅಂದೆಯಲ್ಲ. ಫೋನ್ ಇಟ್ಟ ಮೇಲೂ ಆ 'ಬರೀ' ಕಿವಿಯಲ್ಲೇ ಉಳಿಯಿತು. ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ಮಧ್ಯೆ ಬಾಯಿ ಹಾಕುತ್ತೀಯ.

ಪೋರ್ಚುಗಲ್‌ನಲ್ಲಿ ಒಬ್ಬರು ಇನ್‌ಚಾರ್ಜ್ ಪ್ರಧಾನಿ ಇದ್ದರು. ಮರಿಯಾ ದೆ ಲೂರ್ದೆಸ್ ಪಿಂಟಾಸಿಲ್ಗೊ. ಪಿಂಟಾಸಿಲ್ಗೊ ಅಂದರೆ ಅಲ್ಲಿನ ಒಂದು ಪುಟ್ಟ ಹಾಡುಹಕ್ಕಿ. 1930ರಲ್ಲಿ ಅಬ್ರಾಂಟೆಸ್ ಎಂಬ ಊರಲ್ಲಿ ಹುಟ್ಟಿದರು. ಓದಿದ್ದು ನಿನ್ನ ಹಾಗೆ ಕೆಮಿಕಲ್ ಎಂಜಿನಿಯರಿಂಗ್. 1953ರಲ್ಲಿ ಲಿಸ್ಬನ್‌ನಲ್ಲಿ ಡಿಗ್ರಿ ಮುಗಿಸಿ, ದೇಶದ ದೊಡ್ಡ ಕೈಗಾರಿಕಾ ಕಂಪನಿಯೊಂದಕ್ಕೆ ಸೇರಿದರು.

ಆಗ ಅಲ್ಲಿ ಸಲಾಜಾರ್ ಎಂಬ ಸರ್ವಾಧಿಕಾರಿಯ ಕಾಲ. ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಹೊರದೇಶಕ್ಕೆ ಹೋಗುವಂತಿರಲಿಲ್ಲ. ಹೆಣ್ಣುಮಕ್ಕಳು ಜಡ್ಜ್ ಆಗುವಂತಿರಲಿಲ್ಲ. ನನ್ನಂಥ ಟೀಚರಮ್ಮಂದಿರು ಮದುವೆಯಾಗಲು ಸರ್ಕಾರದ ಅನುಮತಿ ಕೇಳಬೇಕಿತ್ತಂತೆ! ನನಗೆ ನಿನ್ನಜ್ಜನ ಒಪ್ಪಿಗೆ ಪಡೆಯುವಷ್ಟರಲ್ಲೇ ಸಾಕುಸಾಕಾಗಿತ್ತು.

1974ರ ಏಪ್ರಿಲ್ 25ಕ್ಕೆ ಸೈನಿಕರೇ ಆ ಆಡಳಿತವನ್ನು ಕೆಡವಿದರು. ಜನ ಅವರ ಬಂದೂಕಿನ ನಳಿಗೆಗೆ ಕಾರ್ನೇಷನ್ ಹೂ ಸಿಕ್ಕಿಸಿದರು. ಆಮೇಲೆ ಬಂದ ಸರ್ಕಾರಗಳಲ್ಲಿ ಪಿಂಟಾಸಿಲ್ಗೊ ಮಂತ್ರಿಯಾದರು, ಯುನೆಸ್ಕೊಗೆ ರಾಯಭಾರಿಯಾಗಿ ಹೋದರು.

1979ರಲ್ಲಿ ಅಲ್ಲಿ ಯಾವ ಸರ್ಕಾರವೂ ನಿಲ್ಲುತ್ತಿರಲಿಲ್ಲ. ಅಧ್ಯಕ್ಷ ಎಯಾನೆಸ್ ಈಕೆಯನ್ನು ಕರೆದು, ಚುನಾವಣೆ ಮುಗಿಯುವವರೆಗೆ ನೋಡಿಕೊಳ್ಳಿ ಎಂದು ಪ್ರಧಾನಿ ಮಾಡಿದರು. ಬೆನ್ನಿಗೆ ಪಕ್ಷ ಇಲ್ಲ, ಸಂಸತ್ತಿನಲ್ಲಿ ತನ್ನವರು ಅಂತ ಇಲ್ಲ. ಬ್ರಿಟನ್‌ನಲ್ಲಿ ಮಾರ್ಗರೆಟ್ ಥ್ಯಾಚರ್ ಗೆದ್ದು ಅಲ್ಲಿನ ಮೊದಲ ಮಹಿಳಾ ಪ್ರಧಾನಿಯಾಗಿ ಮೂರು ತಿಂಗಳಾಗಿತ್ತು, ಜಗತ್ತೆಲ್ಲ ಅವರನ್ನೇ ನೋಡುತ್ತಿತ್ತು. ಈಕೆ ಆಗಸ್ಟ್ 1ಕ್ಕೆ ಸದ್ದಿಲ್ಲದೆ ಕೆಲಸಕ್ಕೆ ಕೂತರು.

ಕೂತವರು ಒಂದರ ಹಿಂದೊಂದು ಕಾನೂನು ತರತೊಡಗಿದರು. ಚುನಾವಣೆ ನಡೆಸಿ ಹೊರಡುವ ಸರ್ಕಾರಕ್ಕೆ ಇಷ್ಟೆಲ್ಲ ಕಾನೂನು ಯಾಕೆ ಅಂತ ವಿರೋಧಿಗಳು ರೇಗಿದರು. ನ್ಯಾಯವಾದ ಪ್ರಶ್ನೆಯೇ, ಸುಳ್ಳು ಹೇಳಲ್ಲ. ಡಿಸೆಂಬರ್ 2ರ ಚುನಾವಣೆಯಲ್ಲಿ ಆ ವಿರೋಧಿಗಳೇ ಗೆದ್ದರು. ನಾನಾಗಿದ್ದರೆ ಅವತ್ತೇ ಫೈಲು ಕಟ್ಟಿಡುತ್ತಿದ್ದೆ. ಪಿಂಟಾಸಿಲ್ಗೊ ಡಿಸೆಂಬರ್ 26ರ ದಿನಾಂಕದಲ್ಲಿ ಒಂದು ಕಾನೂನು ತಂದರು: ಕೆಲಸದಲ್ಲಿದ್ದಾಗ ಪಿಂಚಣಿಗೆ ಅಂತ ಕಂತು ಕಟ್ಟದವರಿಗೂ, ಅಂದರೆ ಗತಿಯಿಲ್ಲದ ಮುದುಕ ಮುದುಕಿಯರಿಗೂ, ಒಂದಿಷ್ಟು ಪಿಂಚಣಿ. ಜನವರಿ 3ಕ್ಕೆ ಎದ್ದು ಹೊರಟರು. ಒಟ್ಟು ಐದು ತಿಂಗಳು, ಅಷ್ಟೇ. ಮುಂದಿನ ಸರ್ಕಾರ ಆ ಕಾನೂನಿಗೆ ಕತ್ತರಿ ಹಾಕಿತು, ಆದರೆ ಪಿಂಚಣಿ ಉಳಿಯಿತು.

1986ರಲ್ಲಿ ಅಧ್ಯಕ್ಷರ ಚುನಾವಣೆಗೆ ನಿಂತರು. ಶೇಕಡಾ 7 ಚಿಲ್ಲರೆ ಮತ, ನಾಲ್ಕನೇ ಸ್ಥಾನ. 2004ರಲ್ಲಿ ತೀರಿಕೊಂಡರು. ಅಲ್ಲಿನ ಪ್ರಧಾನಿ ಕುರ್ಚಿಯಲ್ಲಿ ಅವರ ನಂತರ ಇನ್ನೊಬ್ಬ ಹೆಂಗಸು ಕೂತಿಲ್ಲ.

ಈಗ ನನ್ನ ವಿಷಯ. ನಾನೂ ಒಂದು ವರ್ಷ ಪ್ರಭಾರ ಹೆಡ್‌ಮಿಸ್ ಆಗಿದ್ದೆ, ನಿನಗೆ ಆಗ ಏಳು ವರ್ಷ. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ. ಮಕ್ಕಳು ಎರಡೆರಡು ಸಲ ಬಂದು ಹೇಳಿದರು. "ಕಾಯಂ ಮೇಡಂ ಬರಲಿ, ನೋಡ್ತಾರೆ" ಅಂದೆ. ಅವರು ಬಂದ ಮೊದಲ ವಾರವೇ ಹಾಕಿಸಿದರು. ಒಂದು ಚಿಲಕ ಪುಟ್ಟಿ, ಮೊಳೆ ಸೇರಿ ನೂರು ರೂಪಾಯಿನೂ ಆಗಿರಲಿಲ್ಲ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ, ನಿನ್ನ ಅಪ್ಪನಿಗೂ.

ನಿಮ್ಮ ಲ್ಯಾಬಿನ ಎಕ್ಸಾಸ್ಟ್ ಫ್ಯಾನ್ ಕೆಟ್ಟು ಆರು ತಿಂಗಳಾಯ್ತು, ಯಾರೂ ಸಹಿ ಹಾಕ್ತಿಲ್ಲ ಅಂತ ಗೊಣಗುತ್ತಿದ್ದೆಯಲ್ಲ. ಈಗ ಸಹಿ ನಿಂದೇ ಅಲ್ವಾ?

ಮಿಡಿ ಉಪ್ಪಿನಕಾಯಿ ಕೊರಿಯರ್ ಮಾಡಿದ್ದೇನೆ. ಒದ್ದೆ ಚಮಚ ಹಾಕಬೇಡ.

ನಿನ್ನ,
ಅಮ್ಮ