ನೆರಳು ಕೊಟ್ಟವರಿಗೆ

ಹೋದ ಸೋಮವಾರ ನನ್ನ ಡಬ್ಬಿಯಿಂದ ಒಂದು ಗುಳಿಗೆ ಕಡಿಮೆಯಾಯಿತು. ಸ್ಟಿರಾಯ್ಡ್. 2018ರಲ್ಲಿ ದಿನಕ್ಕೆ 40 ಮಿಲಿಗ್ರಾಂನಿಂದ ಶುರುವಾಗಿತ್ತು. ಇಳಿಯಿತು, ನಡುವೆ ಎರಡು ಸಲ ಮತ್ತೆ ಏರಿತು, ಕೊನೆಗೆ ಎರಡೂವರೆಗೆ ಬಂದು ನಿಂತಿತ್ತು. "ಇನ್ನ ಇದು ಸಾಕು" ಎಂದರು ಹುಬ್ಬಳ್ಳಿಯ ನಮ್ಮ ಡಾಕ್ಟರ್ ಮೇಡಂ. ನನಗಿರುವುದು ಲೂಪಸ್, ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಅದು ಹೋಗಿಲ್ಲ, ಹೋಗುವ ಪೈಕಿಯಲ್ಲ. ಸದ್ಯಕ್ಕೆ ಮಲಗಿದೆ. ಅದು ಮಲಗಿರುವಾಗಲೇ ಒಂದಿಷ್ಟು ಜನರಿಗೆ ಥ್ಯಾಂಕ್ಸ್ ಹೇಳಿಬಿಡಬೇಕು ಅನ್ನಿಸಿತು.

ಶುರುವಿನಲ್ಲಿ ಎಲ್ಲರೂ ಇದನ್ನು ಬಂಗು ಅಂದುಕೊಂಡಿದ್ದರು. ಕೆನ್ನೆ ಕೆಂಪಾಗಿದ್ದಕ್ಕೆ ಒಬ್ಬರು ಕ್ರೀಮ್ ಕೊಟ್ಟರು, ಕೀಲು ನೋವಿಗೆ ಇನ್ನೊಬ್ಬರು ವಾತದ ಗುಳಿಗೆ. ಒಂದೂವರೆ ವರ್ಷ ಹೀಗೇ ಹೋಯಿತು. ಕಾಲು ಬಾತು, ಮೂತ್ರ ಸೋಪಿನ ನೊರೆಯಂತೆ ಬರತೊಡಗಿದಾಗ ಹುಬ್ಬಳ್ಳಿಗೆ ಹೋದೆವು. ಮೇಡಂ ಮೊದಲು ರಿಪೋರ್ಟ್ ನೋಡಲಿಲ್ಲ, ನನ್ನ ಮುಖ ನೋಡಿದರು. ಕೆಂಪು ಎರಡೂ ಕೆನ್ನೆಗೆ ಹರಡಿ, ಮೂಗಿನ ಮೇಲೆ ಕೂಡಿತ್ತು. ಮೂಗಿನ ಪಕ್ಕದ ಗೆರೆ ಮಾತ್ರ ಬಿಳುಪಾಗಿತ್ತು. "ಬಿಸಿಲಿಗೆ ಹೋದರ ಜಾಸ್ತಿ ಆಗ್ತದೇನು? ಬಾಯಾಗ ಹುಣ್ಣು? ಕೂದಲಾ?" ಎಲ್ಲದಕ್ಕೂ ಹೌದು. ರಕ್ತ ಪರೀಕ್ಷೆ, ಆಮೇಲೆ ಕಿಡ್ನಿಯ ಬಯಾಪ್ಸಿ. ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನನ್ನ ಕಿಡ್ನಿಯನ್ನು ಕಡಿಯುತ್ತಿತ್ತು. ಮೇಡಂ, ಅವತ್ತು ನೀವು ಕೇಳಿದ ಮೂರು ಪ್ರಶ್ನೆಗೆ ನಾನು ಋಣಿ.

ಆಮೇಲೆ ಮನೆಗೆ ಕಷಾಯಗಳು ಬಂದವು. ಇಮ್ಯುನಿಟಿ ಹೆಚ್ಚಿಸುವ ಕಷಾಯ! ನನ್ನದು ಹೆಚ್ಚಾಗಿಯೇ ಅಲ್ವಾ ಈ ಫಜೀತಿ? ತಂದವರ ಪ್ರೀತಿಗೆ ನಮಸ್ಕಾರ. ಕಷಾಯ ಮಾತ್ರ ಕುಡಿಯಲಿಲ್ಲ.

ಅತ್ತೆಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಲೂಪಸ್ ಅನ್ನುವ ಹೆಸರು ಅವರ ಬಾಯಿಗೆ ಇವತ್ತಿಗೂ ಹತ್ತಿಲ್ಲ, "ಆ ಬಿಸಿಲಿನ ಬ್ಯಾನಿ" ಅನ್ನುತ್ತಾರೆ. ಆದರೆ ಬಿಸಿಲು ಅಂದರೆ ನನಗೇನು ಅಂತ ಮನೆಯಲ್ಲಿ ಮೊದಲು ತಿಳಿದವರು ಅವರೇ. ಆ ವರ್ಷದ ಎಳ್ಳ ಅಮಾವಾಸ್ಯೆಗೆ ನಾನು ಮನೆಯಲ್ಲೇ ಇರುತ್ತೇನೆ ಅಂದೆ. ಮುಳಗುಂದದ ಕಡೆ ನಮ್ಮದು ಎರೆ ಹೊಲ, ನಿಲ್ಲೋಕೆ ಒಂದು ಗಿಡ ಇಲ್ಲ. ಅವರು ಏನೂ ಮಾತಾಡಲಿಲ್ಲ. ನಸುಕಿನಲ್ಲೇ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಬುಟ್ಟಿಗೆ ತುಂಬಿದರು. ಮಾವನ ಹಳೆಯ ತುಂಬು ತೋಳಿನ ಅಂಗಿ ತಂದು ನನ್ನ ಸೀರೆಯ ಮೇಲೆ ಹಾಕಿಸಿದರು. ಎಂಟು ಗಂಟೆಯೊಳಗೆ ಚರಗ, ಅಂದರೆ ಭೂಮಿತಾಯಿಯ ಎಡೆ, ಹೊಲಕ್ಕೆ ಚೆಲ್ಲಿ ಆಗಿತ್ತು. ಊಟಕ್ಕೆ ಬಂಡಿಯ ಗೂಟಗಳಿಗೆ ಕಂಬಳಿ ಕಟ್ಟಿ ನೆರಳು ಮಾಡಿದರು. ನೆರೆಯ ಹೊಲದವರು "ಯಾಕ ಇಷ್ಟ ಲಗೂ?" ಅಂದರೆ, "ನಮ್ಮ ಮಂದಿಗೆ ಹಸಿವಾಗೇತಿ" ಅಂದರು. ನನ್ನ ಹೆಸರು ಎತ್ತಲಿಲ್ಲ. ಅದಾದ ಮೇಲೆ ಪ್ರತಿ ವರ್ಷ ನಮ್ಮ ಚರಗ ಎಂಟಕ್ಕೇ.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಸ್ಟಿರಾಯ್ಡ್‌ನಿಂದ ಮುಖ ಉಬ್ಬಿ, ಒಂದು ಮದುವೆಯಲ್ಲಿ ಗೆಳತಿಯೇ ನನ್ನ ಗುರುತು ಹಿಡಿಯಲಿಲ್ಲ. ಮನೆಗೆ ಬಂದು ಯಾರಿಗೂ ಹೇಳದೆ ಗುಳಿಗೆ ಬಿಟ್ಟೆ. ಅದನ್ನು ಹಾಗೆ ಒಮ್ಮೆಲೇ ಬಿಡಬಾರದು, ನಿಧಾನಕ್ಕೆ ಇಳಿಸಬೇಕು. ವಾರದೊಳಗೆ ಆಸ್ಪತ್ರೆ ಸೇರಿದೆ. ಯಜಮಾನರು ಬೈಯ್ಯಲಿಲ್ಲ. ಸುಮ್ನೆ ಮಂಚದ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದರು. ಅದಕ್ಕೂ ಥ್ಯಾಂಕ್ಸ್.

ಗದಗಿನ ನಮ್ಮ ಔಷಧಿ ಅಂಗಡಿಯವರಿಗೆ ಬೇರೆಯದೇ ಸಲಾಮು. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಆಗುತ್ತದೆ ಅಂತ ಜನ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ಮುಗಿಬಿದ್ದರು. ಅದು ಮಲೇರಿಯಾದ ಹಳೆಯ ಗುಳಿಗೆ, ಲೂಪಸ್‌ನವರಿಗೆ ದಿನದ ಅನ್ನ. ಎಲ್ಲೂ ಸಿಗಲಿಲ್ಲ. ನಾಲ್ಕೇ ಗುಳಿಗೆ ಉಳಿದಿದ್ದವು. ಅಂಗಡಿಯವರು ಗಲ್ಲೆಯ ಕೆಳಗಿಂದ ಒಂದು ಪೊಟ್ಟಣ ತೆಗೆದರು. ಮೇಲೆ ಪೆನ್ನಿನಲ್ಲಿ "ಅಕ್ಕಾರದು" ಅಂತ ಬರೆದಿತ್ತು. ಆರು ಸ್ಟ್ರಿಪ್.

ಈಗ ನನಗೂ ಫೋನ್ ಬರುತ್ತವೆ. ಹೆಚ್ಚಿನವರು ಹೆಣ್ಣುಮಕ್ಕಳೇ, ಈ ಕಾಯಿಲೆ ಇರುವ ಹತ್ತರಲ್ಲಿ ಒಂಬತ್ತು ಮಂದಿ ನಾವೇ. ಅಂಟುತ್ತಾ, ಮದುವೆ ಆಗಬಹುದಾ, ಮಗು? ಅಂಟುವುದಿಲ್ಲ. ಮದುವೆ ಧಾರಾಳವಾಗಿ ಆಗಬಹುದು. ಮಗುವೂ ಆಗುತ್ತದೆ, ಆದರೆ ಕಾಯಿಲೆ ಆರು ತಿಂಗಳಾದರೂ ತಣ್ಣಗಿದ್ದ ಮೇಲೆ, ಡಾಕ್ಟರನ್ನು ಕೇಳಿ, ಕೆಲವು ಗುಳಿಗೆ ಬದಲಿಸಿಕೊಂಡು. ಅವರ ಮನೆಯವರು ಫೋನ್ ಮಾಡಿದರೆ ನಾನು ಅಂಗಿಯ ಕಥೆ, ಕಂಬಳಿಯ ಕಥೆ ಹೇಳುತ್ತೇನೆ.

ಜೂನ್‌ನಲ್ಲಿ ಕಣ್ಣಿನ ಪರೀಕ್ಷೆ ಇದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ವರ್ಷಗಟ್ಟಲೆ ನುಂಗುವವರು ಕಣ್ಣು ತೋರಿಸುತ್ತಿರಬೇಕು. ಯಜಮಾನರು ಈಗಲೇ ಲೆಕ್ಕ ಹಾಕಿದ್ದಾರೆ: ಹುಬ್ಬಳ್ಳಿಗೆ ಹೋಗುವ ಬೆಳಗಿನ ರೈಲಿನಲ್ಲಿ ಚಳಿಗಾಲಕ್ಕೆ ಬಲಗಡೆ ನೆರಳು, ಜೂನ್‌ನಲ್ಲಿ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ, ಎಡಗಡೆ ಕೂರಬೇಕು.