ಬೇಡ ಅಂದವಳ ಕಥೆ

ಪ್ರೀತಿಯ ಗೆಳೆಯಾ,

ನಿದ್ದೆ ಕೆಡಿಸುವಂಥ ಕಾದಂಬರಿ ಇದ್ದರೆ ಹೇಳು ಅಂದಿದ್ದೆಯಲ್ಲ. ಭೂತದ ಬಂಗಲೆಯೇ ಬೇಕು ಅಂದರೆ ಶರ್ಲಿ ಜ್ಯಾಕ್ಸನ್ 1959ರಲ್ಲಿ ಬರೆದ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಓದು. ಅದರಲ್ಲಿ ಎಲಿನಾರ್ ಅನ್ನುವವಳು ಕತ್ತಲಲ್ಲಿ ಗೆಳತಿಯ ಕೈ ಬಿಗಿಯಾಗಿ ಹಿಡಿದು ಮಲಗಿರುತ್ತಾಳೆ. ದೀಪ ಹತ್ತಿದಾಗ ನೋಡಿದರೆ ಗೆಳತಿ ಆಚೆ ಮಂಚದ ಮೇಲಿದ್ದಾಳೆ. ಹಾಗಾದರೆ ಇಷ್ಟು ಹೊತ್ತು ಹಿಡಿದಿದ್ದು ಯಾರ ಕೈ?

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಹಾನ್ ಕಾಂಗ್ ಬರೆದ ‘ದಿ ವೆಜಿಟೇರಿಯನ್’. 2024ರಲ್ಲಿ ನೊಬೆಲ್ ಬಂತಲ್ಲ, ಆ ಕೊರಿಯಾದ ಲೇಖಕಿ. 2007ರ ಪುಸ್ತಕ. ಇದರಲ್ಲಿ ದೆವ್ವವೇ ಇಲ್ಲ. ಯೊಂಗ್ ಹೇ ಅನ್ನುವ ಗೃಹಿಣಿ ಒಂದು ದಿನ ಫ್ರಿಜ್ಜಿನಲ್ಲಿದ್ದ ಮಾಂಸವನ್ನೆಲ್ಲ ತೆಗೆದು ಬಿಸಾಕುತ್ತಾಳೆ. ಯಾಕೆ ಅಂತ ಗಂಡ ಕೇಳಿದರೆ, ಕನಸು ಬಿತ್ತು ಅನ್ನುತ್ತಾಳೆ. ಅಷ್ಟೇ.

ನಮ್ಮ ಸಕಲೇಶಪುರದ ಕಡೆಯ ಬಾಡೂಟ ನಿನಗೆ ಗೊತ್ತಲ್ಲ. ಕಡುಬು, ಹಂದಿ ಸಾರು, ಇನ್ನೊಂದು ತುಂಡು ಹಾಕಿಸ್ಕೊ ಅನ್ನುವ ಬಲವಂತ. ಹೆಂಗಸೊಬ್ಬಳು ಶ್ರಾವಣ ಅಂತಲೋ ಹರಕೆ ಅಂತಲೋ ಬಿಟ್ಟರೆ ಯಾರೂ ತುಟಿ ಪಿಟಕ್ ಅನ್ನಲ್ಲ. ಸುಮ್ನೆ, ನನಗೇ ಬೇಡ ಅನ್ನಿಸಿತು ಅಂದರೆ? ಮೊದಲು ನಗು, ಆಮೇಲೆ ಸಿಟ್ಟು, ಕೊನೆಗೆ ಗಾಳಿ ಸೋಕಿದೆ ಅಂತ ತಾಯತ. ಅದಕ್ಕೇ ಯೊಂಗ್ ಹೇಯ ಮನೆ ನನಗೆ ದೂರದ್ದು ಅನ್ನಿಸಲೇ ಇಲ್ಲ.

ಅವಳ ಅಪ್ಪ ಕೆನ್ನೆಗೆ ಬಾರಿಸಿ, ಅವಳ ಕೈ ಹಿಡಿದುಕೊಳ್ಳಿ ಅಂತ ಮನೆಯವರಿಗೆ ಹೇಳಿ, ಬಾಯಿಗೆ ಹಂದಿಮಾಂಸ ತುರುಕುತ್ತಾನೆ. ಅವಳು ಚಾಕುವಿನಿಂದ ಕೈ ಕುಯ್ದುಕೊಳ್ಳುತ್ತಾಳೆ. ನನಗೆ ಅದಕ್ಕಿಂತ ನಡುಕ ತಂದವಳು ಅಮ್ಮ. ಆಸ್ಪತ್ರೆಗೆ ಕಪ್ಪು ಮೇಕೆಯ ಕಷಾಯ ತಂದು, ಗಿಡಮೂಲಿಕೆ ಔಷಧಿ ಕಣೇ, ಕುಡಿ ಅಂತ ಸುಳ್ಳು ಹೇಳಿ ಕುಡಿಸುತ್ತಾಳೆ. ಮಗಳು ವಾಂತಿ ಮಾಡಿಕೊಳ್ಳುತ್ತಾಳೆ. ಅಪ್ಪನನ್ನು ದ್ವೇಷಿಸಬಹುದು. ಮಗಳು ಬದುಕಲಿ ಅಂತಲೇ ಮೋಸ ಮಾಡುವ ಈ ಅಮ್ಮನನ್ನು ಏನು ಮಾಡುವುದು ಹೇಳು?

ಮೂರು ಭಾಗಗಳಿವೆ. ಗಂಡನ ಕಣ್ಣಲ್ಲಿ ಒಂದು, ಭಾವನ ಕಣ್ಣಲ್ಲಿ ಒಂದು, ಅಕ್ಕನ ಕಣ್ಣಲ್ಲಿ ಒಂದು. ಅವಳದೇ ಮಾತು ಅಂದರೆ ಅಲ್ಲಲ್ಲಿ ಬರುವ ಕನಸಿನ ತುಣುಕುಗಳು ಮಾತ್ರ. ಕಥೆ ಅವಳದು, ಹೇಳುವವರೆಲ್ಲ ಬೇರೆಯವರು. ಭಾವನ ಭಾಗ ನನಗೆ ಅಷ್ಟು ಹಿಡಿಸಲಿಲ್ಲ, ಅವನ ಆಸೆಗೇ ಪುಟಗಳು ಜಾಸ್ತಿಯಾದವು. ಅಕ್ಕನದನ್ನು ಮಾತ್ರ ನಿಧಾನವಾಗಿ ಓದು. ಅಂಗಡಿ, ಮಗು, ಆಸ್ಪತ್ರೆ ಎಲ್ಲವನ್ನೂ ಒಬ್ಬಳೇ ಸಂಭಾಳಿಸುವವಳಿಗೆ, ತಂಗಿಯ ಜಾಗದಲ್ಲಿ ತಾನೂ ಇರಬಹುದಿತ್ತು ಅಂತ ಹೊಳೆಯುತ್ತದೆ.

ನೀನು ಓದಿ ಮುಗಿಸಿ ನಿನ್ನ ಅಕ್ಕನಿಗೂ ಕೊಡು. ಅವರು ಏನನ್ನುತ್ತಾರೆ ಅಂತ ತಪ್ಪದೇ ಬರೆ.

ಇಂತಿ,
ನಿನ್ನ ಗೆಳತಿ